ಇಯಾ ಕಣಿವೆಯ ಹಳೆಮನೆಗಳು: ಅತಿಥಿ ಬಂದರೆ ಹಳ್ಳಿ ಉಳಿದೀತೇ?

ಜಪಾನಿನ ಶಿಕೊಕು ದ್ವೀಪದ ಇಯಾ ಕಣಿವೆಯಲ್ಲಿ, ಜನ ಬಿಟ್ಟುಹೋದ ಹುಲ್ಲುಮಾಡಿನ ಮನೆಗಳನ್ನು ದುರಸ್ತಿಗೊಳಿಸಿ ಪ್ರವಾಸಿಗರಿಗೆ ತಂಗಲು ಕೊಡಲಾಗುತ್ತಿದೆ. ಇದರಿಂದ ಹಳ್ಳಿ ಉಳಿಯುವುದೇ ಎಂಬುದು ಇಲ್ಲಿನ ಪ್ರಶ್ನೆ.

ಪರ

2023ರ ವಸತಿ ಸಮೀಕ್ಷೆಯ ಪ್ರಕಾರ ಜಪಾನಿನಲ್ಲಿ ಸುಮಾರು 90 ಲಕ್ಷ ಮನೆಗಳು ಖಾಲಿ ಬಿದ್ದಿವೆ. ಕಾಂಕ್ರೀಟಿನ ಮನೆ ಬೀಗ ಹಾಕಿದರೂ ಕೆಲವು ಕಾಲ ನಿಂತೀತು; ಮರ, ಮಣ್ಣು, ಹುಲ್ಲುಗಳ ಮನೆ ನಿಲ್ಲದು. ನೆಲದಲ್ಲಿ ಚೌಕಾಕಾರವಾಗಿ ತೋಡಿದ ಇರೋರಿ ಎಂಬ ಒಲೆಯ ಹೊಗೆಯೇ ಮಾಡಿನ ಹುಲ್ಲನ್ನೂ ಗಳಗಳನ್ನು ಬಿಗಿದ ಹಗ್ಗವನ್ನೂ ಹುಳು ಹಿಡಿಯದಂತೆ, ತೇವ ನಿಲ್ಲದಂತೆ ಕಾಯುತ್ತ ಬಂದಿದೆ. ಒಲೆ ಆರಿದ ಮನೆ ಮೇಲಿನಿಂದ ಕೊಳೆಯತೊಡಗುತ್ತದೆ.

1973ರಲ್ಲಿ ಅಲೆಕ್ಸ್ ಕೆರ್ ಎಂಬ ಅಮೆರಿಕದ ತರುಣ ಇಲ್ಲಿ ಹೀಗೆ ಪಾಳುಬಿದ್ದಿದ್ದ, ಸುಮಾರು 300 ವರ್ಷ ಹಳೆಯ ಮನೆಯೊಂದನ್ನು ಕೊಂಡು ಅದಕ್ಕೆ ಚೀಯೋರಿ ಎಂದು ಹೆಸರಿಟ್ಟರು. ಮುಂದೆ ಅವರ ಮಾರ್ಗದರ್ಶನದಲ್ಲೇ, ಕಡಿದಾದ ಇಳಿಜಾರಿನಲ್ಲಿ ಸುಮಾರು 390 ಮೀಟರ್ ಎತ್ತರದುದ್ದಕ್ಕೂ ಹರಡಿರುವ ಒಚಿಯಾಯಿ ಎಂಬ ಊರಿನ ಹಲವು ಮನೆಗಳು ಮತ್ತೆ ವಾಸಯೋಗ್ಯವಾದವು. ನೆಲದಡಿಯಲ್ಲಿ ಬಿಸಿಯ ವ್ಯವಸ್ಥೆ, ಹೊಸ ಸ್ನಾನಗೃಹ ಬಂದಿವೆ. ತಲೆಯ ಮೇಲೆ ಮಾತ್ರ ಇಲ್ಲಣ ಹಿಡಿದು ಕಪ್ಪಾದ ಹಳೆಯ ತೊಲೆಗಳೇ ಇವೆ. ಇದನ್ನು ಕಲಬೆರಕೆ ಎನ್ನುವವರಿದ್ದಾರೆ. ಹಿಮ ಬೀಳುವ ಬೆಟ್ಟದಲ್ಲಿ ಗಾಳಿ ನುಗ್ಗುವ ಕೋಣೆಯಲ್ಲಿ ನಡುಗುವುದೇ ಸಂಪ್ರದಾಯವೆಂದು ಹೇಳುವವರು ಒಂದು ಜನವರಿಯನ್ನು ಅಲ್ಲಿ ಕಳೆದು ನೋಡಲಿ. ಬಂದವರಿಗೆ ಊರಿನವರೇ ಸೋಬಾ ಶ್ಯಾವಿಗೆ ಮಾಡುವುದನ್ನು ಕಲಿಸಿ ನಾಲ್ಕು ಕಾಸು ಸಂಪಾದಿಸುವುದೂ ಸಣ್ಣ ಸಂಗತಿಯಲ್ಲ.

ವಿರೋಧ

ಮಾಡು ಉಳಿಯಿತೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಕೇಳಿರುವ ಪ್ರಶ್ನೆ ಹಳ್ಳಿಯದು. ಹೊಗೆಯ ವಾದವನ್ನೇ ನೋಡಿ: ಇರೋರಿ ಮಾಡನ್ನು ಕಾಯಬೇಕಾದರೆ ಅದು ದಿನವೂ ಉರಿಯಬೇಕು. ಸಂಜೆ ಒಂದೆರಡು ಗಂಟೆ ಒಲೆ ಹಚ್ಚಿ, ಫೋಟೊ ತೆಗೆದು, ಬೆಳಿಗ್ಗೆ ಹೊರಡುವ ಅತಿಥಿಯ ಬೆಂಕಿಗೆ ಆ ಶಕ್ತಿಯಿಲ್ಲ. ಹೊಗೆಸೊಪ್ಪು ಬೆಳೆದು ಒಲೆಯ ಮೇಲೆ ಒಣಗಿಸುತ್ತಿದ್ದ, ನೆರೆಯವನ ಮಾಡು ಹೊದಿಸಲು ಹುಲ್ಲು ಕೊಯ್ದು ತರುತ್ತಿದ್ದ ಸಂಸಾರಗಳಿಗಾಗಿ ಕಟ್ಟಿದ ಮನೆಗಳಿವು. ಆ ಕೈಗಳು ಹೋದ ಮೇಲೆ ಮಾಡು ಹೊದಿಸುವುದು ಪರಸ್ಪರ ಸಹಾಯವಾಗಿ ಉಳಿಯದೆ, ಕುಶಲಕರ್ಮಿಗಳಿಗೆ ಕೂಲಿ ಕೊಟ್ಟು ಮಾಡಿಸುವ ದುಬಾರಿ ಕೆಲಸವಾಗಿದೆ.

ಇದೇ ಕಣಿವೆಯ ನಗೊರೊ ಎಂಬ ಊರಿನಲ್ಲಿ 2012ರಲ್ಲಿ ಶಾಲೆ ಮುಚ್ಚಿತು. ಈಗ ಅದರ ತರಗತಿಯಲ್ಲಿ ಮಕ್ಕಳ ಜಾಗದಲ್ಲಿ ಬಟ್ಟೆಯ ಬೊಂಬೆಗಳು ಕೂತಿವೆ, ಪ್ರವಾಸಿಗರು ಅವನ್ನು ನೋಡಲು ಬರುತ್ತಾರೆ. ಪ್ರವಾಸಿಗರು ಬರುವುದಕ್ಕೂ ಊರು ಬದುಕುವುದಕ್ಕೂ ಸಂಬಂಧವೇನೆಂದು ಕೇಳುವವರಿಗೆ ಇಷ್ಟು ಸಾಕು.

ಇನ್ನೊಂದು ಮಾತು. ಜಪಾನಿನ ಭೂಕಂಪ ನಿರೋಧಕ ನಿಯಮಗಳು ಬಿಗಿಯಾದದ್ದು 1981ರಲ್ಲಿ, ಹಳೆಮನೆಗಳು ಅದಕ್ಕೂ ಎಷ್ಟೋ ಹಿಂದಿನವು. 2024ರ ಜನವರಿ 1ರಂದು ಜಪಾನಿನ ನೊತೊ ಪರ್ಯಾಯದ್ವೀಪದಲ್ಲಿ ಭೂಕಂಪಕ್ಕೆ ಕುಸಿದ ಮನೆಗಳಲ್ಲಿ ಹಳೆಯ ಮರದ ಮನೆಗಳೇ ಬಹಳ. ಕಂಬಗಳನ್ನು ಹೇಗೆ ಬಲಪಡಿಸಲಾಗಿದೆ ಎಂಬುದನ್ನು, ತೊಲೆಗಳ ಅಂದವನ್ನು ಹೊಗಳುವಷ್ಟೇ ವಿವರವಾಗಿ ತಂಗಲು ಬರುವವರಿಗೆ ತಿಳಿಸಬೇಕು.

ದುರಸ್ತಿಯಾದ ಮನೆಗಳಲ್ಲಿ ಕೆಲವನ್ನಾದರೂ ರಾತ್ರಿಯ ಲೆಕ್ಕದಲ್ಲಿ ಕೊಡದೆ, ಮಕ್ಕಳಿರುವ ಸಂಸಾರಗಳಿಗೆ ಹತ್ತಾರು ವರ್ಷಗಳ ಕಡಿಮೆ ಬಾಡಿಗೆಗೆ ಕೊಟ್ಟರೆ ಈ ವಿರೋಧವನ್ನು ನಾನು ಹಿಂದೆಗೆದುಕೊಳ್ಳುತ್ತೇನೆ.