ಕಟಕ್ ಅನ್ನೋ ತನಕ ಒತ್ತಿ

ಆಯುಧಪೂಜೆ ಹತ್ತಿರ ಬಂತೆಂದರೆ ಮೈಸೂರಿನ ಮನೆಗಳಲ್ಲಿ ಸ್ಕೂಟರಿಗೂ ಕಂಪ್ಯೂಟರಿಗೂ ಒಟ್ಟಿಗೇ ಗ್ರಹಚಾರ ಶುರುವಾಗುತ್ತದೆ. ಸ್ಕೂಟರ್ ಮೈ ತೊಳೆಸಿಕೊಂಡು ಪಾರಾಗುತ್ತದೆ. ಕಂಪ್ಯೂಟರನ್ನು ಮಾತ್ರ ಬಿಚ್ಚುತ್ತಾರೆ. ಧೂಳು ಹೊಡೆಯೋದಕ್ಕೆ ಅಂತ ಬಿಚ್ಚಿದ ಮೇಲೆ, ‘ಹೆಂಗೂ ತೆಗ್ದಿದೀವಲ್ಲ, ಇನ್ನೊಂದು 8 ಜಿಬಿ ರ‍್ಯಾಮೂ ಹಾಕ್ಬಿಡೋಣ’ ಎಂಬ ಮಾತು ಯಾರ ಬಾಯಿಂದಲಾದರೂ ಬಂದೇ ಬರುತ್ತದೆ. ರ‍್ಯಾಮ್ ಎಂದರೆ ಕಂಪ್ಯೂಟರಿನ ತಾತ್ಕಾಲಿಕ ನೆನಪು, ಮದರ್‌ಬೋರ್ಡಿನ ಮೇಲಿನ ಸ್ಲಾಟ್ ಎಂಬ ಸೀಳಿಗೆ ಸಿಕ್ಕಿಸುವ ಪುಟ್ಟ ಪಟ್ಟಿ. ಹಾಕುತ್ತಾರೆ. ಬಟನ್ ಒತ್ತುತ್ತಾರೆ. ಫ್ಯಾನ್ ಭರ್ರೆನ್ನುತ್ತದೆ, ಕ್ಯಾಬಿನೆಟ್ಟಿನ ದೀಪ ಉರಿಯುತ್ತದೆ, ಮಾನಿಟರಿನಲ್ಲಿ ಮಾತ್ರ ಅಮಾವಾಸ್ಯೆ.

‘ಫ್ಯಾನ್ ತಿರುಗ್ತಿದೆಯಲ್ಲ, ಜೀವ ಇದೆ ಬಿಡು’ ಎಂದು ಮನೆಯ ಹಿರಿಯರು ಧೈರ್ಯ ಹೇಳುತ್ತಾರೆ. ಫ್ಯಾನಿಗೂ ಜೀವಕ್ಕೂ ಸಂಬಂಧವಿಲ್ಲ. 12 ವೋಲ್ಟ್ ಸಿಕ್ಕರೆ ಅದು ತಿರುಗುತ್ತದೆ, ರ‍್ಯಾಮ್ ಇದ್ದರೇನು ಇಲ್ಲದಿದ್ದರೇನು. ಕಂಪ್ಯೂಟರನ್ನು ಎಬ್ಬಿಸುವ, ಬೋರ್ಡಿನಲ್ಲೇ ಇರುವ ಬಯಾಸ್ ಎಂಬ ಪುಟ್ಟ ಪ್ರೋಗ್ರಾಮಿನ ಪಾಡು ಬೇರೆ. ಅದು ಮೊದಲಿಗೆ ಪ್ರೊಸೆಸರ್ ಒಳಗಿನ ಕ್ಯಾಶ್ ಎಂಬ ಚೂರು ಜಾಗದಲ್ಲಿ ಕೂತು, ರ‍್ಯಾಮ್ ಎಲ್ಲಿದೆ, ಎಷ್ಟಿದೆ, ಯಾವ ವೇಗಕ್ಕೆ ಒಗ್ಗುತ್ತದೆ ಎಂದು ಹದ ಮಾಡಿಕೊಂಡ ಮೇಲೇ ಪರದೆಯ ಕಡೆ ತಿರುಗುವುದು. ರ‍್ಯಾಮ್ ಸಿಗಲಿಲ್ಲವೋ, ಒಲೆ ಹೂಡದ ಮದುವೆಮನೆಯಲ್ಲಿ ಸೌಟು ಹಿಡಿದು ನಿಂತ ಅಡುಗೆ ಭಟ್ಟರ ಹಾಗೆ ಅಲ್ಲೇ ನಿಂತುಬಿಡುತ್ತದೆ.

ಇಷ್ಟು ಹೊತ್ತಿಗೆ ಮಂಡ್ಯದಲ್ಲಿರುವ ಸೋದರಮಾವನಿಗೆ ಫೋನ್ ಹೋಗಿರುತ್ತದೆ. ‘ಸರಿಯಾಗಿ ಒತ್ತಿದ್ಯೇನ್ಲಾ?’ ಎನ್ನುವುದು ಅವರ ಮೊದಲ ಪ್ರಶ್ನೆ. ‘ಒತ್ತಿದೀನಿ ಮಾವ’ ಎನ್ನುವುದು ಲೋಕದ ಅತ್ಯಂತ ಪ್ರಾಮಾಣಿಕವಾದ ಸುಳ್ಳು.

ಕಾಯಿಲೆಯ ಮುಕ್ಕಾಲು ಪಾಲು ಇರುವುದೇ ಇಲ್ಲಿ. ಬೋರ್ಡ್ ಮುರಿದೀತು ಎಂಬ ಹೆದರಿಕೆಯಲ್ಲಿ ಜನ ರ‍್ಯಾಮನ್ನು ಮಗುವಿಗೆ ತಟ್ಟಿದ ಹಾಗೆ ತಟ್ಟಿ ಬಿಡುತ್ತಾರೆ. ಅದಕ್ಕೆ ಬೇಕಾದದ್ದು ಒತ್ತುಶ್ಯಾವಿಗೆಯ ಒರಳಿಗೆ ಹಾಕುವ ಜಾತಿಯ ಬಲ: ನಿಧಾನ, ನೇರ, ಎರಡೂ ಕಡೆ ಸಮ. ಡಿಡಿಆರ್ 4 ಎಂಬ ಪೀಳಿಗೆಯ ರ‍್ಯಾಮ್ ಸ್ಟಿಕ್ಕಿನಲ್ಲಿ 288 ಪಿನ್ ಇವೆ, ಅಷ್ಟೂ ಸ್ಲಾಟಿನೊಳಗಿನ ಹಲ್ಲುಗಳನ್ನು ಸರಿಸಿಕೊಂಡು ಇಳಿಯಬೇಕು. ಒಟ್ಟಿಗೆ ಇಳಿಸಲು ಕಷ್ಟವೆಂದೇ ಅದರ ಕೆಳ ಅಂಚನ್ನು ನಡುವೆ ಒಂಚೂರು ಉಬ್ಬಿಸಿರುತ್ತಾರೆ. ಅದನ್ನು ನೋಡಿ ‘ಸೊಟ್ಟಗಿರೋದು ಕೊಟ್ಬಿಟ್ಟಿದಾನೆ’ ಎಂದು ಅಂಗಡಿಯವನ ಮೇಲೆ ಜಗಳಕ್ಕೆ ಹೋಗಬೇಡಿ, ಅದು ಹುಟ್ಟಿದ್ದೇ ಹಾಗೆ.

ಆದ್ದರಿಂದ ಮೊದಲು ಪ್ಲಗ್ ಕೀಳಿ. ಸ್ವಿಚ್ ಆರಿಸಿದರೆ ಸಾಲದೇ ಎಂದರೆ, ವೈರಿಂಗ್ ಮಾಡಿದವರು ಸ್ವಿಚ್ಚನ್ನು ಫೇಸಿಗೆ ಹಾಕುವ ಬದಲು ನ್ಯೂಟ್ರಲ್ಲಿಗೆ ಹಾಕಿರುವ ಮನೆಗಳು ಬೇಕಾದಷ್ಟಿವೆ, ಅಲ್ಲಿ ಸ್ವಿಚ್ ಆರಿಸಿದರೂ ತಂತಿಯಲ್ಲಿ ಕರೆಂಟು ಉಳಿದಿರುತ್ತದೆ. ಪ್ಲಗ್ ಕಿತ್ತ ಮೇಲೆ ಪವರ್ ಬಟನ್ನನ್ನು 15 ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟು ಇಳಿಯುತ್ತದೆ. ಬೋರ್ಡಿನ ಮೇಲೆ ಸಣ್ಣ ದೀಪವೇನಾದರೂ ಇದ್ದರೆ ಅದು ಆರಬೇಕು. ಆ ದೀಪ ಉರಿಯುತ್ತಿರುವಾಗ ರ‍್ಯಾಮ್ ಹಾಕುವುದು, ತೆಗೆಯುವುದು ಬೇಡ, ಸುಡುವುದು ಆಗಲೇ. ಆಮೇಲೆ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ, ಮೈಯಲ್ಲಿರುವ ಸ್ಥಿರವಿದ್ಯುತ್ತು ಅಲ್ಲೇ ಇಳಿದುಹೋಗಲಿ. ಹಬ್ಬವೆಂದು ರೇಷ್ಮೆ ಪಂಚೆ ಉಟ್ಟು ಕಾರ್ಪೆಟ್ ಮೇಲೆ ಕೂತು ಮಾಡಬೇಕಾದ ಕೆಲಸ ಇದಲ್ಲ.

ಸ್ಲಾಟಿನ ಕೊಕ್ಕೆ ಬಿಚ್ಚಿ. ಸ್ಟಿಕ್ಕಿನ ಕಚ್ಚನ್ನು ಸ್ಲಾಟಿನ ದಿಂಡಿಗೆ ಹೊಂದಿಸಿ. ಕಚ್ಚು ನಟ್ಟನಡುವೆ ಇರುವುದಿಲ್ಲ, ಹಾಗಾಗಿ ಹೊಂದುವುದು ಒಂದೇ ದಿಕ್ಕಿನಲ್ಲಿ. ಎರಡು ಹೆಬ್ಬೆರಳನ್ನು ಎರಡು ತುದಿಗಿಟ್ಟು ಸಮನಾಗಿ ಒತ್ತಿ. ಕಟಕ್. ಇನ್ನೊಂದು ಕಡೆಯೂ ಕಟಕ್. ಕೊಕ್ಕೆ ತಾನಾಗಿ ಮೇಲೆದ್ದು ಕಚ್ಚಿಕೊಳ್ಳಬೇಕು, ನೀವು ಬೆರಳಲ್ಲಿ ಎತ್ತಿ ಸಿಕ್ಕಿಸಿದರೆ ಲೆಕ್ಕಕ್ಕಿಲ್ಲ. ಕೆಲವು ಬೋರ್ಡುಗಳಲ್ಲಿ ಕೊಕ್ಕೆ ಇರುವುದೇ ಒಂದು ತುದಿಗೆ. ಅಲ್ಲಿ ಎರಡನೇ ಕಟಕ್ಕಿಗಾಗಿ ಒತ್ತುತ್ತಾ ಕೂತರೆ ಬೋರ್ಡೇ ಕಟಕ್ ಎಂದೀತು. ಅಂಥ ಕಡೆ ಕೊಕ್ಕೆ ಇಲ್ಲದ ತುದಿಯನ್ನು ಮೊದಲು ಒತ್ತಿ, ಆಮೇಲೆ ಕೊಕ್ಕೆಯ ಕಡೆ ಬನ್ನಿ. ಹೊಂಬಣ್ಣದ ಗೆರೆ ಒಂದು ಕಡೆ ಕಾಣುತ್ತಾ ಇನ್ನೊಂದು ಕಡೆ ಮರೆಯಾಗಿದ್ದರೆ ಸ್ಟಿಕ್ ಇನ್ನೂ ಓರೆಯಾಗಿದೆ ಎಂದೇ ಅರ್ಥ.

ಕೂತಿದೆ, ಆದರೂ ಕತ್ತಲೆ. ಹಾಗಾದರೆ ರ‍್ಯಾಮ್ ಬಿಟ್ಟು ಮೊಣಕೈ ಮೇಲೆ ಅನುಮಾನ ಪಡಿ. ಸ್ಲಾಟ್ ತಲುಪುವ ಭರದಲ್ಲಿ ಮೊಣಕೈ ಏನೇನನ್ನು ಸಡಿಲಿಸಿದೆಯೋ: ರ‍್ಯಾಮಿನ ಪಕ್ಕದಲ್ಲೇ ಇರುವ 24 ಪಿನ್ನಿನ ದೊಡ್ಡ ಪವರ್ ಕನೆಕ್ಟರ್, ಮೂಲೆಯಲ್ಲಿ ಪ್ರೊಸೆಸರಿಗೆ ಹೋಗುವ 8 ಪಿನ್ನಿನದು, ಗ್ರಾಫಿಕ್ಸ್ ಕಾರ್ಡು. ಇವೆಲ್ಲಕ್ಕಿಂತ ಮನೆಮಾತಾಗಿರುವ ಅವಾಂತರ ಕ್ಯಾಬಿನೆಟ್ಟಿನ ಹಿಂದಿದೆ. ಅಲ್ಲಿ ಎಚ್‌ಡಿಎಂಐ ತೂತು ಎರಡು, ಒಂದು ಬೋರ್ಡಿನದು, ಒಂದು ಗ್ರಾಫಿಕ್ಸ್ ಕಾರ್ಡಿನದು. ಧೂಳು ಹೊಡೆಯಲು ಕಿತ್ತ ಕೇಬಲನ್ನು ಕತ್ತಲಲ್ಲಿ ತಡಕಾಡಿ ಬೋರ್ಡಿನ ತೂತಿಗೆ ಸಿಕ್ಕಿಸಿರುತ್ತಾರೆ. ಗ್ರಾಫಿಕ್ಸ್ ಕಾರ್ಡ್ ಇರುವಾಗ ಆ ತೂತಿಗೆ ಸಾಮಾನ್ಯವಾಗಿ ಚಿತ್ರ ಬರುವುದಿಲ್ಲ. ಪಾಪ, ಕಂಪ್ಯೂಟರ್ ಒಳಗೆ ವಿಂಡೋಸ್ ಪೂರ್ತಿ ಎದ್ದು ಕೂತು ಪಾಸ್‌ವರ್ಡಿಗೆ ಕಾಯುತ್ತಿರುತ್ತದೆ, ಹೊರಗೆ ಮನೆಮಂದಿಯೆಲ್ಲ ಅದಕ್ಕೆ ತಿಥಿ ನೋಡುತ್ತಿರುತ್ತಾರೆ.

‘ರಬ್ಬರ್ ತಗಂಡು ಉಜ್ಜಲಾ’ ಎನ್ನುವುದು ಮಾವನ ಎರಡನೇ ಸಲಹೆ. ತಪ್ಪಲ್ಲ. ಪೆನ್ಸಿಲ್ ಅಳಿಸುವ ಮೆತ್ತನೆ ಬಿಳಿ ರಬ್ಬರಿನಲ್ಲಿ ಪಿನ್ನುಗಳ ಮೇಲೆ ಹಗುರಾಗಿ ನಾಲ್ಕೈದು ಸಲ ಎಳೆದರೆ ಕಿಲುಬು, ಬೆರಳ ಜಿಡ್ಡು ಹೋಗುತ್ತದೆ. ಆಮೇಲೆ ರಬ್ಬರಿನ ಪುಡಿ ಒರೆಸಬೇಕು, ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಾದರೆ ಇನ್ನೂ ಒಳ್ಳೆಯದು. ಅಲ್ಲಿರುವ ಚಿನ್ನದ ಲೇಪ ತೀರಾ ತೆಳು, ವಾರಕ್ಕೊಮ್ಮೆ ಉಜ್ಜಿದರೆ ಹೊಳಪಿನ ಜೊತೆ ಚಿನ್ನವೂ ಹೋಗುತ್ತದೆ. ಸ್ಯಾಂಡ್‌ಪೇಪರ್ ತರುವವರನ್ನು ಕೋಣೆಯೊಳಗೆ ಬಿಡಬೇಡಿ. ಸ್ಲಾಟಿಗೆ ಬಾಯಲ್ಲಿ ಉಫ್ ಎನ್ನುವವರನ್ನೂ, ಅದರಲ್ಲೂ ಎಲೆ ಅಡಿಕೆ ಹಾಕಿರುವವರನ್ನು.

ಮೂರನೆಯದು ನಿಜಕ್ಕೂ ಬೆಲೆಬಾಳುವ ಮಾತು: ‘ಎಲ್ಲಾ ಕಿತ್ತಾಕಿ ಒಂದೇ ಹಾಕಿ ನೋಡ್ಲಾ’. ಹಳೇ ಸ್ಟಿಕ್ ಒಂದನ್ನೇ ಹಾಕಿ. ಎದ್ದರೆ ಬೋರ್ಡಿಗೆ ಏನೂ ಆಗಿಲ್ಲ. ಅದೇ ಸ್ಲಾಟಿಗೆ ಹೊಸದೊಂದನ್ನೇ ಹಾಕಿ. ಅದೂ ಎದ್ದರೆ ಎರಡೂ ಒಳ್ಳೆಯವರೇ, ಒಟ್ಟಿಗೆ ಬಾಳಲಾರರು ಅಷ್ಟೇ. ಆಗ ಬಯಾಸಿನಲ್ಲಿ ಎಕ್ಸ್‌ಎಂಪಿ ಎಂಬ ವೇಗ ಹೆಚ್ಚಿಸುವ ಆಯ್ಕೆಯನ್ನು ಆಫ್ ಮಾಡಿ ಮತ್ತೆ ಜೋಡಿ ಮಾಡಿ. ಡಬ್ಬದ ಮೇಲೆ ವೇಗ 3200 ಎಂದಿದ್ದರೂ ಎಷ್ಟೋ ಸ್ಟಿಕ್ಕುಗಳು ಹುಟ್ಟುಗುಣದಲ್ಲಿ 2133 ಅಥವಾ 2400ರಲ್ಲೇ ಓಡುವವು, ಎಕ್ಸ್‌ಎಂಪಿ ಎಂಬುದು ಮೇಲೆ ಕೊಟ್ಟ ಚಾಟಿ. ಹಳೆಯದಕ್ಕೆ ಹೊಂದಿಸಿದ ಚಾಟಿ ಹೊಸದಕ್ಕೆ ಒಗ್ಗದಿರಬಹುದು. ಸ್ಲಾಟ್ ನಾಲ್ಕಿದ್ದರೆ ಬಹುಪಾಲು ಬೋರ್ಡುಗಳಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿ 2 ಮತ್ತು 4ನೆಯದು ಜೋಡಿಯ ಜಾಗ, ಒಂದೇ ಆದರೆ 2ನೆಯದು. ಅಕ್ಕಪಕ್ಕ ಕೂರಿಸುವುದು ಪಂಕ್ತಿಯೂಟಕ್ಕೆ ಸರಿ, ಇಲ್ಲಿಗಲ್ಲ.

ಜಾತಿ ಬೇರೆಯಾದರೆ ಈ ಯಾವುದೂ ಕೆಲಸ ಮಾಡದು. ಡಿಡಿಆರ್ 3ಕ್ಕೆ 240 ಪಿನ್, 1.5 ವೋಲ್ಟ್, ಡಿಡಿಆರ್ 4ಕ್ಕೆ 288, 1.2 ವೋಲ್ಟ್, ಡಿಡಿಆರ್ 5ಕ್ಕೂ 288 ಪಿನ್ನೇ, 1.1 ವೋಲ್ಟ್, ಆದರೆ ಕಚ್ಚಿನ ಜಾಗ ಬೇರೆ. ಹೊಂದದ ಕಚ್ಚನ್ನು ಬಲವಂತವಾಗಿ ಇಳಿಸಿದವರಿಗೆ ಸುಟ್ಟ ವಾಸನೆಯೇ ಉತ್ತರ ಹೇಳುತ್ತದೆ. ಇಷ್ಟೆಲ್ಲ ಬಾಯಿಪಾಠ ಮಾಡುವುದಕ್ಕಿಂತ ಹಳೇ ಸ್ಟಿಕ್ಕನ್ನೇ ಅಂಗಡಿಗೆ ಒಯ್ದು ತೋರಿಸುವುದು ವಾಸಿ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಕೆಲವು 8 ಜಿಬಿ ಡಿಡಿಆರ್ 3 ಸ್ಟಿಕ್ಕುಗಳು ಎಎಂಡಿ ಬೋರ್ಡಿಗಷ್ಟೇ ಒಗ್ಗುವವು. ಆ ಮಾತು ಪುಟದ ತಳದಲ್ಲಿ ಇರುವೆಯಷ್ಟು ಅಕ್ಷರದಲ್ಲಿರುತ್ತದೆ.

ಡಿಡಿಆರ್ 5 ಹಾಕಿದವರಿಗೆ ಬೇಕಾದದ್ದು ಸ್ಕ್ರೂಡ್ರೈವರ್ ಅಲ್ಲ, ಕಾಫಿ. ಹೊಸ ಸ್ಟಿಕ್ ಕಂಡ ಬೋರ್ಡು ಅದನ್ನು ಹದ ಮಾಡಿಕೊಳ್ಳಲು ಮೊದಲ ಸಲ ಹಲವು ನಿಮಿಷ ತೆಗೆದುಕೊಳ್ಳುವುದುಂಟು. ಪರದೆ ಕಪ್ಪಾಗಿರುತ್ತದೆ, ತಾನೇ ಆರಿ ತಾನೇ ಹತ್ತಲೂಬಹುದು. ಒಂದು ನಿಮಿಷ ಕಾದು, ಬಟನ್ ಒತ್ತಿ ಆರಿಸಿ, ಮತ್ತೆ ಹಾಕಿ, ಮತ್ತೆ ಆರಿಸಿ, ಮೊದಲಿಂದ ಶುರು ಮಾಡಿಸುತ್ತಲೇ ಸಂಜೆ ಮಾಡಿದವರಿದ್ದಾರೆ. ಫಿಲ್ಟರಿಗೆ ಪುಡಿ ಹಾಕಿ ಬಿಸಿನೀರು ಹೊಯ್ದು ಬನ್ನಿ. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಪರದೆ ಬಂದಿದ್ದರೆ ಸರಿ, ಇಲ್ಲದಿದ್ದರೆ ಬೋರ್ಡಿನ ಮೇಲೆ ಡಿರ‍್ಯಾಮ್ ಎಂದು ಬರೆದಿರುವ ಪುಟ್ಟ ದೀಪ ಉರಿದೇ ಇದೆಯಾ ನೋಡಿ. ದೀಪವಿಲ್ಲದ ಹಳೇ ಬೋರ್ಡಾದರೆ ಬೀಪ್ ಶಬ್ದ ಕೇಳಿ, ಬಿಟ್ಟು ಬಿಟ್ಟು ಉದ್ದಕ್ಕೆ ಕೂಗುತ್ತಿದ್ದರೆ ಸಾಮಾನ್ಯವಾಗಿ ರ‍್ಯಾಮಿನದೇ ಗೋಳು.

ಕೊನೆಗೆ ಉಳಿಯುವುದು ಸೀಮಾಸ್, ಅಂದರೆ ಬಯಾಸಿನ ಸೆಟ್ಟಿಂಗುಗಳ ನೆನಪು, ಅಳಿಸುವುದು. ಪ್ಲಗ್ ಕಿತ್ತು, ಬೋರ್ಡಿನ ಮೇಲಿರುವ ರೂಪಾಯಿ ಬಿಲ್ಲೆಯಂಥ ಸಿಆರ್ 2032 ಬ್ಯಾಟರಿ ತೆಗೆದು, ಐದು ನಿಮಿಷ ಬಿಟ್ಟು ಹಾಕಿ. ಬಯಾಸ್ ಹಳೆಯದೆಲ್ಲ ಮರೆತು ಎಳೆಗೂಸಾಗುತ್ತದೆ, ಎಷ್ಟೋ ಸಲ ಪರದೆಯೂ ಬರುತ್ತದೆ. ಅದರ ಜೊತೆಗೆ ವಿಂಡೋಸ್ ತಾನು ಡಿಸ್ಕಿಗೆ ಹಾಕಿದ ಬೀಗಕ್ಕೆ 48 ಅಂಕಿಯ ಬಿಟ್‌ಲಾಕರ್ ಕೀಲಿ ಕೇಳಿದರೆ ಗಾಬರಿಯಾಗಬೇಡಿ, ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇದೆಯಾ ಎಂದು ಫೋನಿನಲ್ಲಿ ನೋಡಿ. ಇದನ್ನು ಬ್ಯಾಟರಿ ಕೀಳುವ ಮುಂಚೆಯೇ ನೋಡಿಟ್ಟುಕೊಂಡವರು ಜಾಣರು, ಅಂಥವರ ಸಂಖ್ಯೆ ಕಡಿಮೆ. ತಾರೀಖೂ ಹಿಂದಕ್ಕೆ ಹೋಗಿ ಯಾವುದೋ ಹಳೇ ವರ್ಷದ ಜನವರಿ 1ಕ್ಕೆ ನಿಂತಿರುತ್ತದೆ. ಪಂಚಾಂಗ ಸರಿ ಮಾಡುವವರೆಗೆ ಬ್ಯಾಂಕಿನ ಸೈಟು ಬಾಗಿಲು ತೆರೆಯದು.

ಅಷ್ಟು ಹೊತ್ತಿಗೆ ಅಜ್ಜಿ ಅರಿಶಿನ, ಕುಂಕುಮ, ವಿಭೂತಿ, ಸೇವಂತಿಗೆ ಹೂವಿನ ತಟ್ಟೆ ಹಿಡಿದು ಬಂದಿರುತ್ತಾರೆ. ಪಕ್ಕದ ಮುಚ್ಚಳ ಹಾಕಿ ಎರಡೂ ಸ್ಕ್ರೂ ಬಿಗಿದ ಮೇಲೇ ಅವರಿಗೆ ಜಾಗ ಬಿಡಿ. ಮುಂದಿನ ಫ್ಯಾನ್ ಗಾಳಿಯನ್ನು ಒಳಕ್ಕೆಳೆಯುವುದರಿಂದ ಬೊಟ್ಟು ಮುಂಭಾಗಕ್ಕೆ ಬೇಡ, ಪಕ್ಕದ ಮುಚ್ಚಳಕ್ಕೇ ಇಡಲಿ. ಸ್ಕೂಟರಿನ ಚಕ್ರದಡಿ ಇಟ್ಟು ಮಿಕ್ಕ ನಿಂಬೆಹಣ್ಣನ್ನು ಕ್ಯಾಬಿನೆಟ್ಟಿನಡಿ ಇಡುತ್ತೇನೆಂದರೆ ಇಡಲಿ ಬಿಡಿ, ಕತ್ತರಿಸದಿದ್ದರೆ ಆಯಿತು.