"ಏನೂ ಆಗಲ್ಲ ಬಿಡು" ಅಂದ್ರೆ ಭಯ ಹೋಗಲ್ಲ

ಮೊನ್ನೆ ರಾತ್ರಿ 11 ಗಂಟೆ ದಾಟಿದ ಮೇಲೆ ಒಂದು ಫೋನ್ ಬಂತು. ನನ್ನ ಫ್ರೆಂಡ್ ತಂಗಿ. ಅವಳಿಗೀಗ 17ನೇ ವಾರ, ಹೊಟ್ಟೇಲಿ ಅವಳಿ, ಅದೂ ಒಂದೇ ಮಾಸು (ಪ್ಲಾಸೆಂಟಾ) ಹಂಚ್ಕೊಂಡಿರೋ ಐಡೆಂಟಿಕಲ್ ಟ್ವಿನ್ಸ್. ಹಲೋ ಅಂದ ಮೇಲೆ ಸುಮಾರು ಹೊತ್ತು ಮಾತೇ ಇಲ್ಲ, ಬರೀ ಉಸಿರಾಟ ಕೇಳ್ತಿತ್ತು. ಆಮೇಲೆ "ಅಕ್ಕಾ, ಎಲ್ರೂ ಏನೂ ಆಗಲ್ಲ ಏನೂ ಆಗಲ್ಲ ಅಂತಾರೆ, ಹಾಗಾದ್ರೆ ಡಾಕ್ಟ್ರು ಯಾಕೆ ಎರಡು ವಾರಕ್ಕೊಂದ್ಸಲ ಬಾ ಅಂತಿದಾರೆ?" ಅಂದ್ಲು.

ನಾಲ್ಕು ವರ್ಷದ ಹಿಂದೆ ನಾನು ಕೇಳಬೇಕು ಅನ್ಕೊಂಡು, ಕೇಳೋಕೆ ಧೈರ್ಯ ಸಾಲದೆ ನುಂಗ್ಕೊಂಡಿದ್ದ ಪ್ರಶ್ನೆ ಅದು. ಅವಳ ಹತ್ರ ಒಂದೂವರೆ ಗಂಟೆ ಮಾತಾಡಿದೆ. ಹೇಳಿದ್ದು ಅರ್ಧ, ಹೇಳೋಕಾಗದೆ ಗಂಟಲಲ್ಲೇ ಉಳಿದಿದ್ದು ಅರ್ಧ, ಎರಡೂ ಸೇರಿಸಿ ಇಲ್ಲಿ ಬರೀತಿದೀನಿ. ನಾನು ಡಾಕ್ಟ್ರಲ್ಲ. ಆ ದಾರೀಲಿ ನಡೆದು ಬಂದವಳು ಅಷ್ಟೇ.

ನಂಗೆ 8ನೇ ವಾರದಲ್ಲಿ ಮಾಡಿದ ಮೊದಲ ಸ್ಕ್ಯಾನಿಂಗ್ ರಿಪೋರ್ಟಲ್ಲಿ ಇದ್ದಿದ್ದು ಟ್ವಿನ್ಸ್ ಅನ್ನೋ ಒಂದು ಪದ, ಎರಡು ಹಾರ್ಟ್‌ಬೀಟು. ಮನೇಲಿ ಎಲ್ರಿಗೂ ಖುಷಿಯೋ ಖುಷಿ. ಮಾಸು ಒಂದೋ ಎರಡೋ ಅಂತ ಅಲ್ಲಿ ಯಾರೂ ಬರೆದಿರಲಿಲ್ಲ, ಅದು ಕೇಳಬೇಕಾದ ವಿಷಯ ಅಂತ ನಮಗೂ ಗೊತ್ತಿರಲಿಲ್ಲ. 12ನೇ ವಾರದಲ್ಲಿ ಬೇರೆ ಡಾಕ್ಟ್ರು ಸ್ಕ್ಯಾನ್ ಮಾಡ್ತಾ ಇದ್ದೋರು ಇದ್ದಕ್ಕಿದ್ದಂಗೆ ಮಾತು ನಿಲ್ಲಿಸಿದ್ರು. ಎರಡು ಮಕ್ಕಳ ನಡುವೆ ಒಂದು ತೆಳ್ಳನೆ ಗೆರೆ ಕಾಣ್ತಿತ್ತು, ನೂಲಿನ ಎಳೆ ಥರ, ಅದು ಮಾಸಿಗೆ ಹೋಗಿ ಸೇರೋ ಜಾಗಾನ ತಿರುಗಿಸಿ ತಿರುಗಿಸಿ ನೋಡಿದ್ರು. "ನೋಡಮ್ಮ, ಇಲ್ಲಿ ಟಿ ಅಕ್ಷರದ ಥರ ನೇರವಾಗಿ ಬಂದು ಸೇರಿದೆ. ಎರಡು ಮಾಸು ಇದ್ದಿದ್ರೆ ಇಲ್ಲಿ ದಪ್ಪಗೆ ಮೂರು ಮೂಲೆ ಆಕಾರ ಕಾಣ್ತಿತ್ತು, ಲ್ಯಾಮ್ಡಾ ಅಂತೀವಿ. ನಿಮ್ಮದು ಒಂದೇ ಮಾಸು, ಮಕ್ಕಳ ಸುತ್ತಲಿನ ನೀರಿನ ಚೀಲ ಬೇರೆ ಬೇರೆ" ಅಂದ್ರು. ಮೋನೋಕೋರಿಯಾನಿಕ್ ಡೈಆಮ್ನಿಯಾಟಿಕ್, ಚಿಕ್ಕದಾಗಿ ಎಂಸಿಡಿಎ. ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗೋದು 11ರಿಂದ 14 ವಾರದ ಒಳಗೆ, ಆಮೇಲೆ ಕಷ್ಟ. ಅದಕ್ಕೇ ಹೇಳ್ತೀನಿ, ಯಾರಿಗೇ ಅವಳಿ ಅಂತ ಗೊತ್ತಾದ್ರೂ ಮೊದಲು ಕೇಳಬೇಕಾದ್ದು ಮಾಸು ಎಷ್ಟು, ಚೀಲ ಎಷ್ಟು ಅಂತ. ಅದು ರಿಪೋರ್ಟಲ್ಲಿ ಬರೆದಿರಲೇಬೇಕು, ಇಲ್ಲಾಂದ್ರೆ ಬರೆಸ್ಕೊಂಡೇ ಬನ್ನಿ.

ಅವತ್ತು ರಾತ್ರಿ ನಾನು ಮಾಡಿದ ತಪ್ಪು, ಎಲ್ರೂ ಮಾಡೋ ತಪ್ಪೇ, ಫೋನಲ್ಲಿ ಆ ಪದ ಟೈಪ್ ಮಾಡಿದ್ದು. ಬೆಳಗಿನ ಜಾವ 4 ಗಂಟೆ ತನಕ ಓದಿದೆ. ಓದಿದಷ್ಟೂ ಕೆಟ್ಟದ್ದೇ ಸಿಕ್ತು. ಯಾಕೆ ಅಂತ ಈಗ ಅರ್ಥ ಆಗುತ್ತೆ, ಎಲ್ಲಾ ಸರಿಯಾಗಿ ನಡೆದೋರು ಮಕ್ಕಳನ್ನ ಎತ್ಕೊಂಡು ಮನೆಗೆ ಹೋಗಿರ್ತಾರೆ, ಕೂತು ಬರೆಯೋಕೆ ಅವರಿಗೆ ಪುರುಸೊತ್ತಾದ್ರೂ ಎಲ್ಲಿರುತ್ತೆ. ಬರೆಯೋದು ನೊಂದೋರು. ಅವರು ಬರೀಬೇಕು ಕೂಡ. ಆದ್ರೆ ಕತ್ತಲಲ್ಲಿ ಒಬ್ಬಳೇ ಓದೋವಾಗ ಅದೇ ನಮ್ಮ ಹಣೆಬರಹ ಅನ್ನಿಸಿಬಿಡುತ್ತೆ.

ಭಯಕ್ಕಿಂತ ಜಾಸ್ತಿ ನನ್ನ ತಿಂದಿದ್ದು ತಪ್ಪು ನಂದೇನೋ ಅನ್ನೋ ಯೋಚನೆ. ಭಾರ ಎತ್ತಿದ್ನಾ, ಕೆಲಸದಲ್ಲಿ ಓಡಾಡಿದ್ದು ಜಾಸ್ತಿ ಆಯ್ತಾ, ಆ ಜ್ವರದ ಮಾತ್ರೆ ನುಂಗಬಾರದಿತ್ತಾ. ಇದನ್ನ ಡಾಕ್ಟ್ರ ಮುಂದೆ ಹೇಳಿದಾಗ ಅವರು ಪೆನ್ ಕೆಳಗಿಟ್ಟು ಒಂದು ಲೆಕ್ಕ ಹೇಳಿದ್ರು. ಒಂದೇ ಅಂಡ ಎರಡಾಗೋದು ಯಾವಾಗ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ಅಂಡ ಫಲಿತ ಆಗಿ 3 ದಿನದೊಳಗೆ ಎರಡಾದ್ರೆ ಮಾಸೂ ಬೇರೆ ಚೀಲಾನೂ ಬೇರೆ. 4ರಿಂದ 8 ದಿನದ ಒಳಗಾದ್ರೆ ಮಾಸು ಒಂದು, ಚೀಲ ಎರಡು, ಐಡೆಂಟಿಕಲ್ ಅವಳಿಗಳಲ್ಲಿ ಮೂರರಲ್ಲಿ ಎರಡು ಪಾಲು ಹೀಗೇ. ಅದಕ್ಕೂ ತಡ ಆದ್ರೆ ಚೀಲಾನೂ ಒಂದೇ, ಅದು ತೀರಾ ಅಪರೂಪ. ಅಂದ್ರೆ ನನ್ನೊಳಗೆ ಇದು ತೀರ್ಮಾನ ಆಗಿದ್ದು ತಿಂಗಳು ತಪ್ಪೋಕೂ ಮೊದಲು, ನಾನು ಬಸಿರಿ ಅಂತ ನಂಗೇ ಗೊತ್ತಿಲ್ಲದ ದಿನಗಳಲ್ಲಿ. ಐಡೆಂಟಿಕಲ್ ಅವಳಿ ಸಾಮಾನ್ಯವಾಗಿ ವಂಶದಿಂದ ಬರೋದಲ್ಲ, ಪ್ರಪಂಚದ ಎಲ್ಲಾ ಕಡೆ ಹೆಚ್ಚುಕಡಿಮೆ 250 ಹೆರಿಗೆಗೆ ಒಂದು, ತಾನಾಗೇ ಆಗೋದು. "ನೀವು ಮಾಡಿದ್ದರಿಂದಾನೂ ಅಲ್ಲ, ಮಾಡದೇ ಇದ್ದಿದ್ದರಿಂದಾನೂ ಅಲ್ಲಮ್ಮ" ಅಂದ್ರು. ಆ ಒಂದು ಮಾತಿಗೆ ನಾನು ಅಲ್ಲೇ ಕೂತು ಅತ್ತಿದ್ದೆ. ಈ ಸಾಲು ಓದ್ತಾ ಇರೋ ಯಾವ ಬಸಿರಿ ಹೆಂಗಸಾದ್ರೂ ಇದನ್ನ ಇನ್ನೊಂದ್ಸಲ ಓದ್ಕೊಳ್ಳಿ ದಯವಿಟ್ಟು.

ಈಗ ಆ ಎರಡು ವಾರದ ವಿಷಯ. ಮಾಸು ಒಂದೇ ಇದ್ದಾಗ ಎರಡೂ ಮಕ್ಕಳ ರಕ್ತನಾಳಗಳು ಅದರಲ್ಲಿ ಒಂದಕ್ಕೊಂದು ಕೂಡ್ಕೊಂಡಿರುತ್ತೆ. ಹೆಚ್ಚುಕಡಿಮೆ ಎಲ್ಲಾ ಎಂಸಿಡಿಎ ಬಸಿರಲ್ಲೂ ಹೀಗೇ, ಅದೇ ಒಂದು ಕಾಯಿಲೆ ಅಲ್ಲ. ಹೋಗೋದು ಬರೋದು ಸಮ ಇದ್ರೆ ಏನೂ ತೊಂದರೆ ಇಲ್ಲ. ಆ ಸಮ ತಪ್ಪಿ ಒಂದು ಮಗುವಿಂದ ಇನ್ನೊಂದಕ್ಕೆ ರಕ್ತ ಜಾಸ್ತಿ ಹೋಗೋಕೆ ಶುರುವಾದ್ರೆ ಅದಕ್ಕೆ ಟ್ವಿನ್ ಟು ಟ್ವಿನ್ ಟ್ರಾನ್ಸ್‌ಫ್ಯೂಷನ್ ಸಿಂಡ್ರೋಮ್, ಚಿಕ್ಕದಾಗಿ ಟಿಟಿಟಿಎಸ್ ಅಂತಾರೆ. ಕೊಡೋ ಮಗುಗೆ ಮೂತ್ರ ಕಮ್ಮಿ ಆಗಿ ಸುತ್ತಲಿನ ನೀರು ಬತ್ತುತ್ತೆ, ತಗೊಳ್ಳೋ ಮಗುಗೆ ನೀರು ವಿಪರೀತ ತುಂಬಿ ಹಾರ್ಟಿನ ಮೇಲೆ ಭಾರ ಬೀಳುತ್ತೆ. ಒಂದೇ ಮಾಸಿನ ಅವಳಿಗಳಲ್ಲಿ 100ಕ್ಕೆ 10ರಿಂದ 15 ಜನಕ್ಕೆ ಇದಾಗುತ್ತೆ, ಬಹುತೇಕ 16ರಿಂದ 26 ವಾರದ ನಡುವೆ. ಶುರುವಾದ್ರೆ ದಿನಗಳಲ್ಲೇ ಹೆಚ್ಚಾಗಬಹುದು, ತಾಯಿಗೆ ಮೊದಮೊದಲು ಗೊತ್ತೇ ಆಗದೆ ಇರಬಹುದು. ಅದಕ್ಕೇ 16ನೇ ವಾರದಿಂದ ಎರಡು ವಾರಕ್ಕೊಂದ್ಸಲ ಸ್ಕ್ಯಾನು. ನಿಮಗೇನೋ ಆಗೋಗಿದೆ ಅಂತ ಕರೆಯೋದಲ್ಲ, ಆಗೋದಾದ್ರೆ ಬೇಗ ಸಿಗಲಿ ಅಂತ ಕರೆಯೋದು. ಫ್ರೆಂಡ್ ತಂಗಿಗೆ ಇದನ್ನ ಹೇಳಿದಾಗ "ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ ಅಕ್ಕ" ಅಂದ್ಲು. ನಂಗೆ ನಿಜವಾಗ್ಲೂ ಸಿಟ್ಟು ಬಂತು. ಇಷ್ಟು ಹೇಳೋಕೆ ಐದು ನಿಮಿಷ ಸಾಕು.

ಸ್ಕ್ಯಾನ್ ರೂಮಿನ ಆ ಮೌನ ಇದೆಯಲ್ಲ, ಅದನ್ನ ಅನುಭವಿಸಿದೋರಿಗೇ ಗೊತ್ತು. ಲೈಟು ಆರಿಸಿರ್ತಾರೆ, ಹೊಟ್ಟೆ ಮೇಲೆ ಜೆಲ್ ತಣ್ಣಗೆ, ಡಾಕ್ಟ್ರ ಕಣ್ಣು ಸ್ಕ್ರೀನಿನ ಮೇಲೆ, ನಮ್ಮ ಕಣ್ಣು ಡಾಕ್ಟ್ರ ಮುಖದ ಮೇಲೆ. ಅವರ ಹುಬ್ಬು ಒಂಚೂರು ಗಂಟಾದ್ರೆ ನಮ್ಮ ಜೀವ ಬಾಯಿಗೆ ಬರುತ್ತೆ. ಎರಡು ಮೂರು ಸಲ ಹೀಗೆ ಒದ್ದಾಡಿದ ಮೇಲೆ ಬಾಯಿಬಿಟ್ಟು ಕೇಳಿದೆ, "ಡಾಕ್ಟ್ರೇ, ನೀವು ಏನು ನೋಡ್ತಿದೀರ ಅಂತ ಹೇಳ್ತಾ ಹೋಗ್ತೀರಾ?" ಅಂತ. ಅವರು ಬೇಜಾರು ಮಾಡ್ಕೊಳ್ಳಲಿಲ್ಲ. ಸ್ಕ್ರೀನಿನ ಮೇಲೆ ಒಂದು ಪ್ಲಸ್ ಗುರುತು ಇಟ್ಟು, ಕೆಳಗೆ ಎಳೆದು ಇನ್ನೊಂದು ಇಟ್ಟು, "ಇದು ಈ ಮಗುವಿನ ನೀರು, ಆಳ ಜಾಸ್ತಿ ಇರೋ ಕಡೆ ಅಳೀತೀವಿ. ಒಂದರದ್ದು 2 ಸೆಂಟಿಮೀಟರಿಗಿಂತ ಕಮ್ಮಿ, ಇನ್ನೊಂದರದ್ದು 8ಕ್ಕಿಂತ ಜಾಸ್ತಿ, ಎರಡೂ ಒಟ್ಟಿಗೆ ಆದ್ರೆ ನಮಗೆ ಯೋಚನೆ" ಅಂದ್ರು. ಆಮೇಲೆ ಒಂದು ಸಣ್ಣ ಕಪ್ಪು ಚುಕ್ಕೆ ತೋರಿಸಿದ್ರು, ಮೂತ್ರಕೋಶ. "ತುಂಬಿದೆ, ಒಳ್ಳೇದು". ನನ್ನ ಮಗಳ ಮುಖ ನೋಡೋಕೂ ಮೊದಲು ನಾನು ಹುಡುಕ್ತಾ ಇದ್ದಿದ್ದು ಆ ಕಪ್ಪು ಚುಕ್ಕೆನ. ಅದು ಕಂಡ್ರೆ ಉಸಿರು ಬರ್ತಿತ್ತು.

20ನೇ ವಾರದಲ್ಲಿ ನೀರಿನ ನಂಬರು ಬಂತು 2.6, 7.1. ಹೊರಗೆ ಬಂದು ಯಾರಿಗೆ ಹೇಳಿದ್ರೂ "ಏನೂ ಆಗಲ್ಲ ಬಿಡು, ಒಳ್ಳೇದೇ ಯೋಚನೆ ಮಾಡು". ನಮ್ಮಮ್ಮನೂ ಅದೇ, ನಮ್ಮತ್ತೆನೂ ಅದೇ. ಪ್ರೀತಿಯಿಂದಾನೇ ಹೇಳಿದ್ದು, ಗೊತ್ತು. ಆದ್ರೆ ಆ ಮಾತು ಕೇಳಿದ ತಕ್ಷಣ ನನ್ನ ಬಾಯಿ ಕಟ್ಟಿಹೋಗ್ತಿತ್ತು, ಇನ್ನು ಇವರ ಹತ್ರ ಭಯ ಹೇಳ್ಕೊಳ್ಳೋ ಹಾಗಿಲ್ಲ ಅಂತ. ಡಾಕ್ಟ್ರು ಹೇಳಿದ್ದೇ ಬೇರೆ. "ಇದು ಇನ್ನೂ ಟಿಟಿಟಿಎಸ್ ಅಲ್ಲ. ಹಾಗಂತ ಸುಮ್ನೆ ಬಿಡೋ ಹಾಗೂ ಇಲ್ಲ. ಮುಂದಿನ ವಾರಾನೇ ಬನ್ನಿ, ಅಷ್ಟರಲ್ಲಿ ಹೊಟ್ಟೆ ಇದ್ದಕ್ಕಿದ್ದಂಗೆ ದಪ್ಪ ಆದ್ರೆ, ಬಿಗಿದುಕೊಂಡ್ರೆ, ಉಸಿರಾಡೋಕೆ ಕಷ್ಟ ಆದ್ರೆ, ನೀರು ಅಥವಾ ರಕ್ತ ಹೋದ್ರೆ, ಮಕ್ಕಳ ಓಡಾಟ ಕಮ್ಮಿ ಅನ್ನಿಸಿದ್ರೆ ರಾತ್ರಿ ಎರಡು ಗಂಟೆ ಆದ್ರೂ ಫೋನ್ ಮಾಡಿ." ಮೇಲ್ನೋಟಕ್ಕೆ ಹೆದರಿಸೋ ಮಾತಿನ ಥರಾನೇ ಇದೆ ಅಲ್ವಾ? ಆದ್ರೆ ಅವತ್ತು ನಾನು ನಿದ್ದೆ ಮಾಡಿದ್ದು ಈ ಮಾತಿಂದ. ಏನು ನೋಡ್ಕೋಬೇಕು ಗೊತ್ತಾಯ್ತು, ಯಾವತ್ತು ಹೋಗಬೇಕು ಗೊತ್ತಾಯ್ತು.

ಹಾಗೇನಾದ್ರೂ ಆದ್ರೆ ಮುಂದೇನು ಅಂತಾನೂ ಅವತ್ತೇ ಕೇಳ್ಕೊಂಡು ಬಂದೆ. ಮೊದಲೆಲ್ಲ ಬಸಿರಿನ ನಡುವೆ ಜೋರಾದ ಟಿಟಿಟಿಎಸ್ ಬಂದು ಚಿಕಿತ್ಸೆ ಸಿಗದೇ ಹೋದ್ರೆ ಬಹುತೇಕ ಎರಡೂ ಮಕ್ಕಳು ಉಳೀತಿರಲಿಲ್ಲ. ಈಗ ತೆಳ್ಳನೆ ಸ್ಕೋಪ್ ಒಂದನ್ನ ಗರ್ಭದೊಳಗೆ ತೂರಿಸಿ ಮಾಸಿನ ಮೇಲಿರೋ ಆ ಕೂಡುನಾಳಗಳನ್ನ ಲೇಸರಿಂದ ಸುಟ್ಟು ಮುಚ್ಚುತಾರೆ. ಜಾಸ್ತಿ ತುಂಬಿರೋ ನೀರನ್ನ ಬರೀ ತೆಗೆಯೋದಕ್ಕಿಂತ ಇದು ಒಳ್ಳೇದು ಅಂತ 2004ರಲ್ಲಿ ಯುರೋಪಿನ ದೊಡ್ಡ ಟ್ರಯಲ್ ಒಂದರಲ್ಲಿ ಗೊತ್ತಾಯ್ತು, ಒಂದು ಮಗುವಾದ್ರೂ ಉಳಿದಿದ್ದು ಲೇಸರಲ್ಲಿ 100ಕ್ಕೆ 76, ನೀರು ತೆಗೆದಾಗ 56. ಪೂರ್ತಿ ಸಮಾಧಾನ ಕೊಡೋ ಅಂಕಿ ಅಲ್ಲ ಇದು. ಆದ್ರೂ ಬಾಗಿಲು ಇದೆ ಅಂತ ಗೊತ್ತಿರೋ ಕತ್ತಲೆ ಬೇರೆ, ಬಾಗಿಲೇ ಇಲ್ಲ ಅನ್ಕೊಂಡಿರೋ ಕತ್ತಲೆ ಬೇರೆ. ಇದು ಎಲ್ಲಾ ಆಸ್ಪತ್ರೇಲೂ ಆಗಲ್ಲ, ಹೊಟ್ಟೇಲಿರೋ ಮಗುನ ನೋಡೋ ಫೀಟಲ್ ಮೆಡಿಸಿನ್ ಡಾಕ್ಟ್ರು ಬೇಕು, ಎಲ್ಲಿ ಮಾಡ್ತಾರೆ ಅನ್ನೋದನ್ನ ಬೇಕಾಗೋಕೆ ಮೊದಲೇ ಕೇಳಿಟ್ಕೊಂಡಿರಿ.

21ನೇ ವಾರ 2.4, 7.4. ಆ ವಾರದ ಏಳು ದಿನ ಹೇಗೆ ಕಳೆದೆ ಅಂತ ಈಗ ನೆನಪಿಲ್ಲ. 22ಕ್ಕೆ 3.0, 6.8. 24ನೇ ವಾರಕ್ಕೆ ಎರಡರದ್ದೂ ಹತ್ತಿರ ಹತ್ತಿರ ಬಂತು, ಮತ್ತೆ ಎರಡು ವಾರಕ್ಕೊಂದು ಸ್ಕ್ಯಾನ್. ಅಷ್ಟರಲ್ಲಿ ಹೊಸ ಚಿಂತೆ, ಒಂದು ಮಗು ಚಿಕ್ಕದು. ತೂಕದ ವ್ಯತ್ಯಾಸ 100ಕ್ಕೆ 25ರ ಹತ್ರ ಹೋದ್ರೆ ಜಾಸ್ತಿ ನಿಗಾ ಬೇಕು ಅಂದ್ರು, ನಮ್ಮದು 18ರಲ್ಲಿ ನಿಂತ್ಕೊಂಡ್ತು. ಪ್ರತಿ ಸಲ ಡಾಪ್ಲರ್ ಹಾಕಿ ಹೊಕ್ಕುಳ ಬಳ್ಳೀಲಿ, ತಲೆಯ ರಕ್ತನಾಳದಲ್ಲಿ ರಕ್ತ ಓಡೋ ವೇಗ ನೋಡ್ತಿದ್ರು. ತಲೇದು ಯಾಕೆ ಅಂದ್ರೆ ಟ್ಯಾಪ್ಸ್ ಅಂತ ಇನ್ನೊಂದಿದೆ, ನೀರಲ್ಲಿ ವ್ಯತ್ಯಾಸ ಕಾಣದೆ ಸಣ್ಣ ಸಣ್ಣ ನಾಳಗಳಿಂದ ನಿಧಾನಕ್ಕೆ ಒಂದಕ್ಕೆ ರಕ್ತ ಕಮ್ಮಿ ಆಗೋದು, ಅದು ಸಿಗೋದು ಹಾಗೇ.

ನಾನು ಹೇಗೆ ತಡ್ಕೊಂಡೆ ಅಂತ ಅವಳು ಕೇಳಿದ್ಲು. ಒಂದು ನೋಟ್‌ಬುಕ್ ಇಟ್ಟಿದ್ದೆ. ಎಡಗಡೆ ಪುಟದಲ್ಲಿ ಸ್ಕ್ಯಾನಿನ ನಂಬರು, ಬಲಗಡೆ ಪುಟದಲ್ಲಿ ಮುಂದಿನ ಸಲ ಕೇಳಬೇಕಾದ್ದು. ರಾತ್ರಿ 3 ಗಂಟೆಗೆ ಎಚ್ಚರ ಆಗಿ ತಲೇಲಿ ಓಡೋದನ್ನೆಲ್ಲ ಬಲಗಡೆ ಬರೆದುಬಿಡ್ತಿದ್ದೆ, ಬರೆದ ಮೇಲೆ ಅದು ಡಾಕ್ಟ್ರಿಗೆ ಸೇರಿದ್ದು, ನಂದಲ್ಲ. ಫೋನಲ್ಲಿ ಹುಡುಕೋದನ್ನ ಪೂರ್ತಿ ನನ್ನ ಗಂಡಂಗೆ ಬಿಟ್ಟೆ, ಅವನೇ ಓದಿ ಬೇಕಾದಷ್ಟು ಹೇಳ್ತಿದ್ದ. ಆಮೇಲೆ ಒಂದಿನ ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಅವನು ಅಳ್ತಿದ್ದಿದ್ದು ಕೇಳಿಸ್ತು, ಆಗ ಗೊತ್ತಾಯ್ತು ಭಯಾನ ಅವನ ತಲೆ ಮೇಲೆ ಹಾಕಿ ನಾನು ಹಗುರ ಆಗಿದ್ದೆ ಅಂತ. ಅಪ್ಪ ಆಗೋನನ್ನ ಯಾರೂ ಕೇಳಲ್ಲ, "ನೀನ್ ಹೇಗಿದೀಯಪ್ಪ" ಅಂತ. ಅವತ್ತಿಂದ ಇಬ್ಬರೂ ಒಟ್ಟಿಗೆ ಕೂತು ಓದೋದು, ಅರ್ಧ ಗಂಟೆ, ಹಗಲಲ್ಲಿ ಮಾತ್ರ. 40 ವಾರ ಅಂತ ಯೋಚನೆ ಮಾಡೋದನ್ನೂ ಬಿಟ್ಟೆ, ಮುಂದಿನ ಸ್ಕ್ಯಾನ್ ತನಕ ಅಷ್ಟೇ. ಇಷ್ಟೆಲ್ಲ ಮಾಡಿದ್ರೂ 23ನೇ ವಾರದಲ್ಲಿ ಊಟ ಸೇರದೆ ನಿದ್ದೆ ಬರದೆ ಕೈ ನಡುಗೋಕೆ ಶುರುವಾಯ್ತು, ಡಾಕ್ಟ್ರು ಕೌನ್ಸೆಲರ್ ಹತ್ರ ಕಳಿಸಿದ್ರು. ಹೋಗಿದ್ದು ಒಳ್ಳೇದಾಯ್ತು. ಬಿಪಿ, ಶುಗರ್ ನೋಡೋ ಹಾಗೆ ಮನಸ್ಸನ್ನೂ ನೋಡ್ಬೇಕು, ಅದರಲ್ಲಿ ನಾಚಿಕೆ ಪಡೋಂಥದ್ದು ಏನೂ ಇಲ್ಲ.

ಇನ್ನೊಂದು ಮಾತು, ಇದು ಸುತ್ತಮುತ್ತ ಇರೋರಿಗೆ. ಎಷ್ಟು ಕಣ್ಣಿಟ್ಟು ನೋಡ್ಕೊಂಡ್ರೂ ಕೆಲವರಿಗೆ ಒಂದು ಮಗು, ಕೆಲವರಿಗೆ ಎರಡೂ ಕೈ ತಪ್ಪಿಹೋಗುತ್ತೆ. ಸ್ಕ್ಯಾನಿಗೆ ಕಾಯೋವಾಗ ನನ್ನ ಪಕ್ಕದಲ್ಲಿ ಕೂರ್ತಿದ್ದ ಒಬ್ಬರಿಗೆ ಹಾಗಾಯ್ತು. ಅವರನ್ನ ನೋಡೋಕೆ ಬಂದೋರೆಲ್ಲ "ಒಂದಾದ್ರೂ ಉಳೀತಲ್ಲ" ಅಂದ್ರಂತೆ. ಒಂದು ಮಗುನ ತೊಡೆ ಮೇಲೆ ಹಾಕ್ಕೊಂಡು ಇನ್ನೊಂದಕ್ಕೆ ಅಳೋ ತಾಯಿ ಮುಂದೆ ಆ ಲೆಕ್ಕ ಬೇಡ. ಹೋದ ಮಗುವಿಗೆ ಹೆಸರಿಟ್ಟಿದ್ರೆ ಆ ಹೆಸರು ಹಿಡಿದು ಮಾತಾಡಿ, ಇಲ್ಲಾಂದ್ರೆ ಸುಮ್ನೆ ಪಕ್ಕದಲ್ಲಿ ಕೂತ್ಕೊಳ್ಳಿ.

ನಂಗೆ 36 ವಾರ 2 ದಿನಕ್ಕೆ ಹೆರಿಗೆ ಆಯ್ತು. ಒಂದೇ ಮಾಸು, ಎರಡು ಚೀಲ ಇದ್ದಾಗ ಬೇರೆ ತೊಂದರೆ ಏನೂ ಇಲ್ಲದಿದ್ರೆ 36 ವಾರ ದಾಟಿದ ಮೇಲೆ ಜಾಸ್ತಿ ಕಾಯಲ್ಲ. 2.3 ಕೆಜಿ, 1.9 ಕೆಜಿ, ಚಿಕ್ಕವಳು ಐದು ದಿನ ಎನ್‌ಐಸಿಯುನಲ್ಲಿದ್ಲು. ಭಯ ಮಾತ್ರ ಹೆರಿಗೆ ಜೊತೆಗೆ ಹೋಗಲಿಲ್ಲ, ಎಷ್ಟೋ ತಿಂಗಳು ರಾತ್ರಿ ಎದ್ದು ಎರಡು ಮೂಗಿನ ಹತ್ರಾನೂ ಬೆರಳಿಟ್ಟು ನೋಡ್ತಿದ್ದೆ.

ಇದನ್ನ ಬರೀತಾ ಇರೋವಾಗ್ಲೇ ಫ್ರೆಂಡ್ ತಂಗಿಯ ಮೆಸೇಜ್ ಬಂತು. ಇವತ್ತು ಅವಳ ಸ್ಕ್ಯಾನ್ ಇತ್ತು. ಬೇರೇನೂ ಬರೆದಿಲ್ಲ, ಒಂದು ನೋಟ್‌ಬುಕ್ ಪುಟದ ಫೋಟೋ. ಎಡಗಡೆ ನೀಲಿ ಪೆನ್ನಲ್ಲಿ 4.2, 4.6, ಮೂತ್ರಕೋಶ ಎರಡೂ ಕಾಣ್ತು. ಬಲಗಡೆ ಪುಟದಲ್ಲಿ ಆಗಲೇ ಮೂರು ಪ್ರಶ್ನೆ ಬರೆದಿದಾಳೆ.