ಎಝ್ರಿ ಡ್ಯಾಕ್ಸ್‌ಗೆ ಸಿಕ್ಕಿದ್ದು ಒಂದೇ ವರ್ಷ

ನಿನ್ನೆ ರಾತ್ರಿ ‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’ ಎರಡನೇ ಸಲ ನೋಡಿ ಮುಗಿಸಿದೆ. ಬಾಹ್ಯಾಕಾಶ ನಿಲ್ದಾಣವೊಂದರ ಕಥೆ ಹೇಳುವ ಅಮೆರಿಕದ ಟಿವಿ ಸರಣಿ ಇದು. ಒಟ್ಟು 176 ಕಂತು. ಮೊದಲ ಸಲ ನೋಡುವಾಗ, ಕೊನೆಯ ಸೀಸನ್‌ಗೆ ಮಾತ್ರ ಬರುವ ಎಝ್ರಿ ಡ್ಯಾಕ್ಸ್ ಕಂಡರೆ ನನಗೆ ಆಗುತ್ತಿರಲಿಲ್ಲ. ಅವಳ ದೃಶ್ಯ ಬಂದರೆ ಮುಂದೆ ಓಡಿಸಿಬಿಡುತ್ತಿದ್ದೆ. ಈ ಸಲ ಏಳನೇ ಸೀಸನ್ ಯಾವಾಗ ಬರುತ್ತದೋ ಅಂತ ಅವಳಿಗೋಸ್ಕರವೇ ಕಾದೆ. ಯಾಕೆ ಅಂತ ಬರೆಯಬೇಕು ಅನ್ನಿಸಿದೆ. ಕಥೆಯೆಲ್ಲ ಹೇಳುತ್ತೇನೆ, ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸಿ.

ಆರು ಸೀಸನ್ ಜಾಡ್ಜಿಯಾ ಡ್ಯಾಕ್ಸ್ ಆಗಿದ್ದವರು ಟೆರ್ರಿ ಫ್ಯಾರೆಲ್. 1998ರಲ್ಲಿ ಅವರು ಸರಣಿ ಬಿಟ್ಟರು. ಪಾತ್ರವನ್ನು ಸಾಯಿಸಿದರು. ಕ್ಲಿಂಗಾನ್ ಅನ್ನುವ ಯೋಧ ಕುಲದ ಅಧಿಕಾರಿ ವೋರ್ಫ್ ಜೊತೆ ಮದುವೆಯಾಗಿ ವರ್ಷವೂ ಆಗಿಲ್ಲ. ಮಗು ಆಗಬಹುದು ಅಂತ ಗೊತ್ತಾಗಿ, ಆ ಖುಷಿಯಲ್ಲಿ ಗುಡಿಗೆ ಹೋಗಿರುತ್ತಾಳೆ. ಅಲ್ಲೇ ಖಳನಾಯಕ ಡುಕಾಟ್ ಕೈಯಲ್ಲಿ ಸಾಯುತ್ತಾಳೆ. ಆ ಕೋಪ ನನಗೆ ಎಷ್ಟೋ ದಿನ ಇಳಿದಿರಲಿಲ್ಲ. ಅದು ಪೂರ್ತಿ ತಿರುಗಿದ್ದು ಪಾಪ, ಅವಳ ಜಾಗಕ್ಕೆ ಬಂದ ಎಝ್ರಿ ಮೇಲೆ.

ನಟರು ಬಿಟ್ಟುಹೋಗುವುದು ಹೊಸದೇನಲ್ಲ. ನಮ್ಮ ಧಾರಾವಾಹಿಗಳಲ್ಲಿ ಅದೇ ಪಾತ್ರಕ್ಕೆ ಬೇರೊಬ್ಬರು ಬರುತ್ತಾರೆ. ಮನೆಯಲ್ಲಿ ಎರಡು ದಿನ ಗೊಣಗುತ್ತಾರೆ, ಆಮೇಲೆ ಒಗ್ಗಿಹೋಗುತ್ತದೆ. ಬ್ರಿಟನ್ನಿನ ‘ಡಾಕ್ಟರ್ ಹೂ’ 1966ರಿಂದಲೂ ನಾಯಕನ ಮೈಯನ್ನೇ ಬದಲಾಯಿಸಿಕೊಂಡು ಬಂದಿದೆ. ಆದರೆ ಡ್ಯಾಕ್ಸ್ ವಿಷಯವೇ ಬೇರೆ. ಜಾಡ್ಜಿಯಾ ಟ್ರಿಲ್ ಅನ್ನುವ ಬೇರೆ ಗ್ರಹದವಳು. ಟ್ರಿಲ್ ಜನರಲ್ಲಿ ಕೆಲವರ ಹೊಟ್ಟೆಯೊಳಗೆ ಸಿಂಬಿಯಾಂಟ್ ಅನ್ನುವ ಇನ್ನೊಂದು ಜೀವ ಇರುತ್ತದೆ. ಅದನ್ನು ಹೊತ್ತವರು ತೀರಿಕೊಂಡರೆ ಇನ್ನೊಬ್ಬರ ಮೈಗೆ ಸೇರಿಸುತ್ತಾರೆ. ಹಿಂದಿನವರ ನೆನಪೆಲ್ಲ ಹೊಸಬರಿಗೆ ಬರುತ್ತದೆ. ಜಾಡ್ಜಿಯಾ ಸತ್ತಳು, ಡ್ಯಾಕ್ಸ್ ಉಳಿಯಿತು.

ಇಲ್ಲಿ ಬರಹಗಾರರಿಗೆ ಸುಲಭದ ದಾರಿ ಇತ್ತು. ಸಿಂಬಿಯಾಂಟ್ ಹೊರಲು ಟ್ರಿಲ್ ಯುವಕರು ವರ್ಷಗಟ್ಟಲೆ ತಯಾರಾಗುತ್ತಾರೆ. ಅಂಥ ಒಬ್ಬಳನ್ನು ತಂದು ಜಾಡ್ಜಿಯಾ ಜಾಗದಲ್ಲಿ ಕೂರಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಎಝ್ರಿ ಡೆಸ್ಟಿನಿ ಅನ್ನುವ ಬಾಹ್ಯಾಕಾಶ ಹಡಗಿನಲ್ಲಿ ಸಹಾಯಕ ಕೌನ್ಸೆಲರ್, ಅಂದರೆ ಮನಸ್ಸಿನ ತೊಂದರೆ ಕೇಳಿ ಸಲಹೆ ಕೊಡುವವಳು. ಸಿಂಬಿಯಾಂಟ್ ಬೇಕು ಅಂತ ಅವಳು ಯಾವತ್ತೂ ಬಯಸಿದವಳಲ್ಲ. ಡ್ಯಾಕ್ಸನ್ನು ಊರಿಗೆ ಸಾಗಿಸುವಾಗ ಅದರ ಸ್ಥಿತಿ ಕೆಡುತ್ತದೆ. ಹಡಗಿನಲ್ಲಿದ್ದ ಟ್ರಿಲ್ ಇವಳೊಬ್ಬಳೇ. ಬೇರೆ ದಾರಿ ಇಲ್ಲ. ಒಂದು ಆಪರೇಷನ್ ಮುಗಿದು ಕಣ್ಣು ಬಿಟ್ಟರೆ ತಲೆಯಲ್ಲಿ ಎಂಟು ಜನರ ಬದುಕು! ಮಾತಾಡುತ್ತಾ ಮಾತಾಡುತ್ತಾ ‘ನಾನು’ ಅಂದರೆ ಯಾರು ಅಂತಲೇ ಅವಳಿಗೆ ತಪ್ಪಿಹೋಗುತ್ತದೆ. ಬಾಹ್ಯಾಕಾಶದಲ್ಲಿ ಓಡಾಡಿದರೆ ಹೊಟ್ಟೆ ತೊಳೆಸುತ್ತದೆ. ನಿಕೋಲ್ ಡಿ ಬೋರ್ ಈ ಗಲಿಬಿಲಿಯನ್ನು ತುಂಬಾ ಹಗುರವಾಗಿ ಮಾಡಿದ್ದಾರೆ. ಮೊದಲ ಸಲ ಅದು ನನಗೆ ಬರೀ ಚೆಲ್ಲಾಟದ ಹಾಗೆ ಕಂಡಿತ್ತು. ಆ ನಗುವಿನ ಹಿಂದೆ ಇದ್ದ ಹೆದರಿಕೆ ಕಂಡಿದ್ದು ಈಗಲೇ.

ನಿಲ್ದಾಣದಲ್ಲಿ ಅವಳನ್ನು ಯಾರು ಹೇಗೆ ಕಂಡರು ನೋಡಿ. ನಿಲ್ದಾಣದ ಮುಖ್ಯಸ್ಥ ಸಿಸ್ಕೋಗೆ ಹಳೇ ಗೆಳೆಯ ವಾಪಸ್ ಬಂದಷ್ಟು ಸಂತೋಷ. ವೋರ್ಫ್ ಮುಖ ಕೊಟ್ಟು ಮಾತಾಡಲ್ಲ. ಅವನ ತಪ್ಪೂ ಅಲ್ಲ. ಹೆಂಡತಿಯ ಆತ್ಮಕ್ಕೆ ಸ್ವರ್ಗ ಸಿಗಲಿ ಅಂತ ಈಗಷ್ಟೇ ಯುದ್ಧ ಮಾಡಿ ಬಂದಿದ್ದಾನೆ. ಎದುರಿಗೆ ಅದೇ ನೆನಪುಗಳನ್ನು ಹೊತ್ತ ಬೇರೆ ಮುಖ. ಅವನು ಏನು ಮಾಡಬೇಕಿತ್ತು? ನಮ್ಮ ಕಡೆ ಮೊದಲ ಹೆಂಡತಿಯ ಫೋಟೋಗೆ ಹಾರ ಹಾಕಿರುವ ಮನೆಗೆ ಮದುವೆಯಾಗಿ ಬರುವವಳ ಕಷ್ಟ ಗೊತ್ತಲ್ವಾ? ಇವಳದು ಅದಕ್ಕಿಂತ ಜಾಸ್ತಿ. ಆ ಫೋಟೋದಲ್ಲಿರುವವಳ ನೆನಪೂ ಇವಳೊಳಗೇ ಇದೆ.

‘ಆಫ್ಟರ್‌ಇಮೇಜ್’ ಅನ್ನುವ ಕಂತನ್ನು ದಯವಿಟ್ಟು ಗಮನವಿಟ್ಟು ನೋಡಿ. ಗ್ಯಾರಕ್ ನಿಲ್ದಾಣದ ದರ್ಜಿ, ಯುದ್ಧದಲ್ಲಿ ತನ್ನ ಜನರ ವಿರುದ್ಧವೇ ಇವರಿಗೆ ನೆರವಾಗುತ್ತಿರುವವನು. ಅವನಿಗೆ ಮುಚ್ಚಿದ ಜಾಗದಲ್ಲಿ ಉಸಿರುಕಟ್ಟುತ್ತಿರುತ್ತದೆ. ಎಝ್ರಿ ಸಹಾಯಕ್ಕೆ ಹೋಗುತ್ತಾಳೆ. ಅವನು ಅವಳನ್ನು ಮಾತಲ್ಲೇ ಚುಚ್ಚಿ ಚುಚ್ಚಿ ಅಳಿಸುತ್ತಾನೆ. ಡ್ಯಾಕ್ಸ್ ಹೆಸರಿಗೆ ನೀನು ಲಾಯಕ್ಕಿಲ್ಲ ಅನ್ನುವ ಧಾಟಿ. ಇಷ್ಟವಿಲ್ಲದ ಪ್ರೇಕ್ಷಕರ ಮನಸ್ಸಿನಲ್ಲಿದ್ದದ್ದೂ ಅದೇ. ನನ್ನ ಮನಸ್ಸಿನಲ್ಲೂ ಅದೇ ಇತ್ತು. ಅವಳು ಕೆಲಸ ಬಿಡಲು ಹೊರಡುತ್ತಾಳೆ. ಆದರೆ ಗ್ಯಾರಕ್ ನರಳುತ್ತಿರುವುದು ತನ್ನ ಜನಕ್ಕೇ ದ್ರೋಹ ಮಾಡುತ್ತಿದ್ದೇನೆ ಅನ್ನುವ ನೋವಿನಿಂದ ಅಂತ ಕಂಡುಹಿಡಿಯುವುದೂ ಅವಳೇ. ಹಿಂದಿನ ಎಂಟು ಜನರ ಬಲದಿಂದಲ್ಲ, ತಾನು ಕಲಿತ ಕೆಲಸದಿಂದ.

ಎಲ್ಲವೂ ಚೆನ್ನಾಗಿದೆ ಅಂತ ಹೇಳಲ್ಲ. ಅವಳ ತವರಿನ ಕಥೆಯ ಕಂತು ಸಪ್ಪೆ. ನಿಲ್ದಾಣದ ವೈದ್ಯ ಬಶೀರ್ ಜೊತೆಗಿನ ಪ್ರೀತಿಯಲ್ಲಿ ಆತುರ ಕಾಣುತ್ತದೆ.

ಆದರೆ 1999ರ ಒಂದು ದೃಶ್ಯ ಸಾಕು ನನಗೆ. ಕ್ಲಿಂಗಾನ್ ನಾಯಕ ಗೌರಾನ್ ತನ್ನ ಹೆಸರಿಗಾಗಿ ಸೈನ್ಯವನ್ನು ಬಲಿ ಕೊಡುತ್ತಿರುತ್ತಾನೆ. ಏನು ಮಾಡಲಿ ಅಂತ ವೋರ್ಫ್ ಕೇಳುತ್ತಾನೆ. ನಿಮ್ಮ ಸಾಮ್ರಾಜ್ಯ ಸಾಯುತ್ತಿದೆ, ಸಾಯುವುದೇ ಸರಿ ಅಂತ ಎಝ್ರಿ ನೇರವಾಗಿ ಹೇಳುತ್ತಾಳೆ. ನಿನ್ನಂಥ ಮರ್ಯಾದಸ್ಥನೇ ಇಂಥ ನಾಯಕರನ್ನು ಸಹಿಸಿಕೊಂಡರೆ ಇನ್ನೇನು ಗತಿ ಅಂತ ಕೇಳುತ್ತಾಳೆ. ಆಮೇಲೆ ವೋರ್ಫ್ ಗೌರಾನ್‌ಗೆ ಎದುರು ನಿಂತು ಕೊಲ್ಲುತ್ತಾನೆ, ಪಟ್ಟವನ್ನು ಸೇನಾಪತಿ ಮಾರ್ಟಾಕ್‌ಗೆ ಕೊಡುತ್ತಾನೆ.

ಜಾಡ್ಜಿಯಾ ಈ ಮಾತು ಆಡುತ್ತಿರಲಿಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಅವಳಿಗೆ ಕ್ಲಿಂಗಾನ್ ಹಾಡು, ಕತ್ತಿ, ಆಣೆ, ಊಟ ಎಲ್ಲದರ ಮೇಲೂ ಪ್ರಾಣ. ಎಝ್ರಿಗೆ ಆ ತಿಳಿವಳಿಕೆಯೆಲ್ಲ ಇದೆ, ಆ ಮೋಹ ಇಲ್ಲ. ಹಾಗಾಗಿ ಅವಳಿಗೆ ಕಂಡಿತು. ಜಾಡ್ಜಿಯಾ ಇದ್ದಿದ್ದರೆ ಈ ದೃಶ್ಯವೇ ಹುಟ್ಟುತ್ತಿರಲಿಲ್ಲ.

ಕೊನೆಗೆ ಒಂದು ಬೇಜಾರು ಉಳಿದಿದೆ. ಜೂನ್ 1999ರ ಕೊನೆಯ ಕಂತಿನಲ್ಲಿ ಎಲ್ಲರೂ ಬೇರೆಯಾಗುವಾಗ ಹಳೆಯ ದೃಶ್ಯಗಳು ಒಂದೊಂದಾಗಿ ನೆನಪಾಗಿ ಬರುತ್ತವೆ. ಅದರಲ್ಲಿ ಜಾಡ್ಜಿಯಾ ಒಮ್ಮೆಯೂ ಬರಲ್ಲ. ವೋರ್ಫ್ ನೆನಪಲ್ಲೂ ಇಲ್ಲ. ವರ್ಷಪೂರ್ತಿ ಆ ನೆನಪನ್ನು ಹೊತ್ತು ತಿರುಗಿದ ಎಝ್ರಿ ಅಲ್ಲೇ ಇದ್ದಾಳೆ. ನಿನ್ನೆ ಆ ಭಾಗವನ್ನು ಎರಡು ಸಲ ಹಿಂದಕ್ಕೆ ಓಡಿಸಿ ನೋಡಿದೆ. ಮೊದಲ ಸಲ ನನಗೆ ಜಾಡ್ಜಿಯಾಗಾಗಿ ಮಾತ್ರ ಅಳು ಬಂದಿತ್ತು. ಈ ಸಲ ಇಬ್ಬರಿಗೂ ಬಂತು.